ಬಾಯಿಮಾತಲ್ಲಿ ಮಾಡಿದ ಹಾಡನ್ನು ಈಗ ಕಂಪನಿಯವರು ಕೊಳ್ಳಲು ಕೇಳುತ್ತಿದ್ದಾರೆ. ಹಕ್ಕು ಯಾರದ್ದು, ಪಾಲು ಹೇಗೆ?

ಗೋದಾಮು_ಗೋಣಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋಗುವ ದಾರಿಯಲ್ಲಿ ನಮ್ಮ ಅಜ್ಜನ ಕಾಲದ ಕಾಫಿ ಗೋದಾಮು ಒಂದಿದೆ. ಬೆಂಗಳೂರಲ್ಲಿ ಒಂಬತ್ತು ವರ್ಷ ಧಾರಾವಾಹಿಗಳಿಗೆ ಡಬ್ಬಿಂಗ್, ಮಿಕ್ಸಿಂಗ್ ಮಾಡಿ, 2021ರಲ್ಲಿ ಊರಿಗೆ ಬಂದು ಅದನ್ನೇ ಸ್ಟುಡಿಯೋ ಮಾಡಿಕೊಂಡೆ. ಮರದ ಚೌಕಟ್ಟಿಗೆ ಸದ್ದು ಹೀರುವ ರಾಕ್‌ವೂಲ್ ತುಂಬಿ, ಮೇಲೆ ಹಳೇ ಗೋಣಿಚೀಲ ಬಿಚ್ಚಿ ಹೊಲಿಸಿದ ಬಟ್ಟೆ. ಬಂದವರೆಲ್ಲ ಮೊದಲು ಮೂಸಿ ನೋಡುತ್ತಾರೆ, ಇನ್ನೂ ಕಾಫಿ ವಾಸನೆ ಹೋಗಿಲ್ಲ. ಹೆಂಚಿನ ಮಾಡು. ಜೂನ್ ಬಂದರೆ ಹಾಡು ರೆಕಾರ್ಡ್ ಮಾಡುವ ಮಾತೇ ಇಲ್ಲ, ಮಳೆ ನಿಲ್ಲುವವರೆಗೆ ಎಡಿಟಿಂಗ್ ಮಿಕ್ಸಿಂಗ್ ಮಾತ್ರ, ಅದೂ ಕರೆಂಟ್ ಇದ್ದ ದಿನ. ಫೆಬ್ರವರಿ, ಮಾರ್ಚಲ್ಲಿ ಪಕ್ಕದ ತೋಟದವರು ಹೂವಿಗೆ ಸ್ಪ್ರಿಂಕ್ಲರ್ ಶುರು ಮಾಡಿದರೆ ಡೀಸೆಲ್ ಪಂಪಿನ ಸದ್ದು. ಹಾಗಾಗಿ ವರ್ಷದಲ್ಲಿ ನನಗೆ ಸಿಗುವ ಒಳ್ಳೇ ದಿನಗಳು ಬಹಳ ಕಡಿಮೆ. ಆ ದಿನಗಳನ್ನು ಯಾರಿಗೆ ಕೊಡಬೇಕು ಎಂದು ತುಂಬ ಯೋಚಿಸಿ ಕೊಡುತ್ತೇನೆ.

ಎರಡು ವರ್ಷದ ಹಿಂದೆ ಚೇರಂಬಾಣೆ ಕಡೆಯ ಒಬ್ಬಳು ಹುಡುಗಿಗೆ ಕೊಟ್ಟೆ. ಆಗ ಅವಳಿಗೆ 20 ವರ್ಷ. ಅರೆಭಾಷೆಯಲ್ಲಿ ಹಾಡುತ್ತಾಳೆ. ಸಾಹಿತ್ಯ ಅವಳ ಶಾಲೆಯ ಮೇಷ್ಟ್ರು ಬರೆದದ್ದು, ರಾಗ ಅವಳೇ ಕೂಡಿಸಿದ್ದು. ಹಾಡು ಮಾಡೋಣ ಎಂದು ಮೊದಲು ಹೇಳಿದವಳು ನಾನು, ಖರ್ಚೂ ನನ್ನದೇ.

ಹಾಡಿನ ಮೊದಲಿಗೆ ನಾಲ್ಕು ಸಾಲು ದುಡಿ ಹಾಡು, ಅಂದರೆ ದುಡಿ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ಹಾಡುವ ಕೊಡವರ ಪರಂಪರೆಯ ಹಾಡು ಬೇಕು ಎನ್ನುವುದು ಅವಳ ಆಸೆ. ನಮ್ಮೂರಿನ ನಾಲ್ವರು ಹಿರಿಯರನ್ನು ಕರೆದೆ, ಎಲ್ಲರಿಗೂ ಅರವತ್ತು ದಾಟಿದೆ. ಬೆಂಗಳೂರಿನ ಅಭ್ಯಾಸದಂತೆ ಒಬ್ಬೊಬ್ಬರಿಗೂ ಹೆಡ್‌ಫೋನ್ ಹಾಕಿ, ತಾಳಕ್ಕೆ ಟಿಕ್ ಟಿಕ್ ಎನ್ನುವ ಕ್ಲಿಕ್ ಕೊಟ್ಟು, ಬೇರೆ ಬೇರೆ ಮೂಲೆಯಲ್ಲಿ ಕೂರಿಸಿದೆ. ಅರ್ಧ ದಿನ ಹೋಯಿತು, ಒಂದು ಸಾಲೂ ಕೂಡಿ ಬರಲಿಲ್ಲ. ಇಬ್ಬರು ಒಂದು ಸಾಲು ಹೇಳಬೇಕು, ಎದುರಿನ ಇಬ್ಬರು ಅದನ್ನು ಎತ್ತಿಕೊಳ್ಳಬೇಕು. ಎದುರಿನವರ ತುಟಿ, ದುಡಿ ಬಡಿಯುವ ಕೈ ಕಾಣದಿದ್ದರೆ ಅವರಿಗೆ ತಾಳ ನಿಲ್ಲುವುದಿಲ್ಲ. ಊಟ ಆದ ಮೇಲೆ ಎಲ್ಲ ತೆಗೆದೆ. ಐನ್‌ಮನೆ (ಕುಲದ ಹಳೇ ಮನೆ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ ಕೂತ ಹಾಗೆ ಎದುರುಬದುರು ಚಾಪೆ ಹಾಸಿ, ನಡುವೆ ಎರಡೇ ಮೈಕ್ ಇಟ್ಟೆ. ಎರಡನೇ ಸಲಕ್ಕೇ ಬಂತು. ಅವರಲ್ಲಿ ಹಿರಿಯರು ಸಾಲಿನ ನಡುವೆ ಉಸಿರು ಎಳೆದುಕೊಂಡದ್ದು ಕೇಳಿಸುತ್ತದೆ. ಅದನ್ನು ನಾನು ಕತ್ತರಿಸಿಲ್ಲ.

ಲೆಕ್ಕ ಹೇಳುತ್ತೇನೆ. ಹಿರಿಯರಿಗೆ ದಿನಕ್ಕೆ ತಲಾ 1,500ರಂತೆ ಎರಡು ದಿನಕ್ಕೆ 12,000. ಕೊಳಲಿನವರಿಗೆ 6,000. ವಿಡಿಯೋಗೆ 35,000. ಊಟ, ಗಾಡಿ 7,500. ಒಟ್ಟು 60,500. ನನ್ನ ಕೆಲಸದ ಗಂಟೆ ಲೆಕ್ಕ ಹಾಕಿಲ್ಲ. ಮೇಷ್ಟ್ರು ಒಂದು ರೂಪಾಯಿ ಮುಟ್ಟಲಿಲ್ಲ. ಹಾಡು ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಓಡಿತು. ಆಮೇಲೆ ಅವಳಿಗೆ ಕಾರ್ಯಕ್ರಮ ಹಿಡಿದುಕೊಡುವುದೂ ನಾನೇ: ಶನಿವಾರ ರೆಸಾರ್ಟ್‌ಗಳಲ್ಲಿ, ಮದುವೆ ಮನೆಗಳಲ್ಲಿ, ಒಂದು ಸಲ ಮಡಿಕೇರಿ ದಸರಾಕ್ಕೆ ಗಾಂಧಿ ಮೈದಾನದ ವೇದಿಕೆಯಲ್ಲಿ. ಬಂದದ್ದರಲ್ಲಿ ಶೇ. 20 ನನಗೆ. ಎಲ್ಲವೂ ಬಾಯಿಮಾತು.

ಈಗ ಬೆಂಗಳೂರಿನ ಒಂದು ಕಂಪನಿಯವರು ನೇರ ಅವಳ ಅಪ್ಪನಿಗೆ ಫೋನ್ ಮಾಡಿದ್ದಾರೆ. ಹಾಡಿನ ಸಕಲ ಹಕ್ಕು, ಶಾಶ್ವತವಾಗಿ, ಜಗತ್ತಿನಾದ್ಯಂತ, 75,000 ರೂಪಾಯಿಗೆ. ಜೊತೆಗೆ ಮುಂದಿನ ಮೂರು ವರ್ಷ ಅವಳು ಏನು ಹಾಡಿದರೂ ಅವರಿಗೇ. ಮನೆಯಲ್ಲಿ ಫೀಸು ಕಟ್ಟುವ ಹೊತ್ತು, ಅಪ್ಪ ಸಹಿ ಹಾಕಲು ತಯಾರಿದ್ದಾರೆ. ನಾನು ಫೋನಲ್ಲಿ ಮಾತಾಡುವಾಗ ಅವಳ ಅಣ್ಣ ಕೇಳಿದ, "ಅಕ್ಕ, ನಿಮ್ಮ ಹತ್ರ ಕಾಗದ ಏನಾದರೂ ಇದೆಯಾ?" ಇಲ್ಲ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಬೇಕಿರುವುದು ಇಷ್ಟು. ಕಾಗದ ಇಲ್ಲದೆ ನನಗೆ ಹಕ್ಕು ಇದೆಯೇ? ಆ ನಾಲ್ವರು ಹಿರಿಯರಿಗೆ? ಹುಡುಗಿಯ ಮನಸ್ಸು ಮುರಿಯದಂತೆ ಈಗ ಕಾಗದ ಮಾಡಿಕೊಳ್ಳುವುದು ಹೇಗೆ?

—

ಟೇಪಿನಕಾಲ_ಮಡಿಕೇರಿ:

ತಂಗಿ, ಅವಳ ಅಣ್ಣ ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಎರಡು ವರ್ಷದ ಹಿಂದೆ ನೀನೇ ಕೇಳಬೇಕಿತ್ತು.

ನಾನು ಕ್ಯಾಸೆಟ್ ಕಾಲದವನು. ತೊಂಬತ್ತರ ದಶಕದಲ್ಲಿ ನಾಪೋಕ್ಲು ಕಡೆಯ ಒಬ್ಬರು ಹಾಡುಗಾರರ ಭಕ್ತಿಗೀತೆ ಮಾಡಿದೆ. ಲಾಭದಲ್ಲಿ ಅರ್ಧ ಅರ್ಧ ಎಂದು ಮಾತು. ಸಾವಿರ ಕ್ಯಾಸೆಟ್ ಹಾಕಿಸಿ ಬೇರೆ ಊರಿನ ವಿತರಕರೊಬ್ಬರಿಗೆ ಕೊಟ್ಟೆ. ಅವರು ಎಷ್ಟು ಮಾರಿದರೋ, ಎಷ್ಟು ಉಳಿಯಿತೋ, ಕೊನೆಗೂ ಲೆಕ್ಕ ಕೊಡಲಿಲ್ಲ. ನನ್ನ ಕೈಗೆ ಬಂದದ್ದು ಮಾಸ್ಟರ್ ಟೇಪಿನ ದುಡ್ಡಿಗೂ ಸಾಲಲಿಲ್ಲ. ಆದರೆ ಊರ ಜಾತ್ರೆಯಲ್ಲೆಲ್ಲ ಆ ಹಾಡು ಕೇಳುತ್ತಿತ್ತು. ಹಾಡಿದವರು ಏನೆಂದು ತಿಳಿದುಕೊಳ್ಳಬೇಕು? ನಾನು ದುಡ್ಡು ತಿಂದೆ ಎಂದೇ ತಿಳಿದರು. ಎದುರು ಸಿಕ್ಕಿದರೂ ಮಾತು ಬಿಟ್ಟರು. ಅವರು ತೀರಿಕೊಂಡಾಗ ನಾನು ಅವರ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಬಂದೆ. ತೋರಿಸಲು ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಒಪ್ಪಂದಕ್ಕಿಂತ ಮೊದಲು ಲೆಕ್ಕದ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋಗು. ಫೋನಲ್ಲಿ ಬೇಡ. ಖರ್ಚು ಎಷ್ಟು, ಹಾಡಿನಿಂದ ಇದುವರೆಗೆ ಬಂದದ್ದೆಷ್ಟು, ಬ್ಯಾಂಕಿನ ಹಾಳೆ ಸಮೇತ ಮುಂದೆ ಇಡು. ಮನೆಯವರೆಲ್ಲ ಇರುವಾಗ ಇಡು, ಅಮ್ಮನೂ ಇರಲಿ.

ಇನ್ನೊಂದು. ರೆಕಾರ್ಡಿಂಗಿನ ಕಾಗದ ಬೇರೆ, ಕಾರ್ಯಕ್ರಮ ಹಿಡಿದುಕೊಡುವ ಕಾಗದ ಬೇರೆ ಮಾಡು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದವರೆಲ್ಲ ಜಗಳಕ್ಕೆ ಬಿದ್ದದ್ದು ನೋಡಿದ್ದೇನೆ. ಕಾರ್ಯಕ್ರಮದ ದುಡ್ಡಿನಿಂದ ರೆಕಾರ್ಡಿಂಗ್ ಖರ್ಚು ಮುರಿದುಕೊಳ್ಳಬೇಡ, ಆ ಖರ್ಚು ಆ ಹಾಡಿನಿಂದಲೇ ಬರಲಿ. ನಿನ್ನ ಶೇ. 20 ಯಾವುದರ ಮೇಲೆ ಎಂಬುದನ್ನೂ ಬರೆ. 12,000ಕ್ಕೆ ಒಪ್ಪಿಕೊಂಡು, ತಬಲಾದವನಿಗೆ 2,500, ಗಾಡಿಗೆ 1,500 ಹೋದ ಮೇಲೆ ಉಳಿಯುವುದು 8,000. ಶೇ. 20 ಮೊದಲ ಮೊತ್ತದ ಮೇಲೆ ತೆಗೆದರೆ 2,400, ಉಳಿದದ್ದರ ಮೇಲಾದರೆ 1,600. ಈ 800 ರೂಪಾಯಿಯೇ ಪ್ರತಿ ಶನಿವಾರ ಒಳಗೊಳಗೇ ಕುಟುಕುವುದು. ನಾನಾದರೆ ಉಳಿದದ್ದರ ಮೇಲೆ ತೆಗೆದುಕೊಳ್ಳುತ್ತೇನೆ. ಅವಧಿ ಎರಡು ವರ್ಷ ಸಾಕು. ಎರಡು ವರ್ಷ ಆದ ಮೇಲೂ ಅವಳಿಗೆ ನೀನು ಬೇಕೆನಿಸಿದರೆ ಮತ್ತೆ ಬರೆಯಿರಿ.

ಎಲ್ಲ ಕನ್ನಡದಲ್ಲೇ ಇರಲಿ. ಅವಳ ಅಪ್ಪ ಓದಿ ಅರ್ಥ ಮಾಡಿಕೊಳ್ಳುವ ಹಾಗೆ.

—

ಕರಿಕೋಟು_ವಿರಾಜಪೇಟೆ:

ಮೇಡಂ, ಕಾನೂನಿನ ಭಾಗ ನಾನು ಹೇಳುತ್ತೇನೆ. ಒಂದು ಹಾಡಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಹಕ್ಕುಗಳಿವೆ. ಅದನ್ನು ಬಿಡಿಸಿಕೊಳ್ಳದೆ ಪಾಲು ಮಾತಾಡಿದರೆ ಗೊಂದಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದರ ನಿರ್ಮಾಪಕರದ್ದು. ನಿರ್ಮಾಪಕ ಎಂದರೆ ತಾನಾಗಿ ಮುಂದೆ ಬಂದು, ಜವಾಬ್ದಾರಿ ಹೊತ್ತು ಅದನ್ನು ಮಾಡಿಸಿದವರು. ಹುಡುಗಿ ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು ನಿಮ್ಮ ಸ್ಟುಡಿಯೋ ಬಳಸಿದ್ದರೆ ನಿರ್ಮಾಪಕಿ ಅವಳು. ನೀವೇ ಹೊರಟು, ಕಲಾವಿದರನ್ನು ಕರೆಸಿ, ಹಣ ಕೊಟ್ಟು ಮಾಡಿಸಿದ್ದೀರಿ, ಆದ್ದರಿಂದ ಮಾಸ್ಟರ್, ಅಂದರೆ ಆ ಮೂಲ ಧ್ವನಿಮುದ್ರಣ, ನಿಮ್ಮದು. ಈ ಹಕ್ಕು ಹುಟ್ಟಲು ಕಾಗದ ಬೇಕಿಲ್ಲ. ಆದರೆ ವ್ಯಾಜ್ಯ ಬಂದರೆ ಸಾಕ್ಷ್ಯ ಬೇಕು. ಹಿರಿಯರಿಗೆ ಹಣ ಕಳಿಸಿದ ದಾಖಲೆ, ವಿಡಿಯೋ ಬಿಲ್ಲು, ಆ ದಿನಗಳ ವಾಟ್ಸಾಪ್ ಮಾತುಕತೆ, ಸೆಷನ್ ಫೈಲುಗಳು, ಇವನ್ನೆಲ್ಲ ಇವತ್ತೇ ಒಂದು ಹಾರ್ಡ್‌ಡಿಸ್ಕಿಗೆ ಹಾಕಿಡಿ.

ಕಾಗದ ಬೇಕಾಗುವುದು ಹಕ್ಕನ್ನು ಇನ್ನೊಬ್ಬರಿಗೆ ದಾಟಿಸುವಾಗ. ಲಿಖಿತವಾಗಿ, ಸಹಿ ಹಾಕಿ ಕೊಡದಿದ್ದರೆ ಆ ವರ್ಗಾವಣೆ ಊರ್ಜಿತವಲ್ಲ. ಅಂದರೆ ನಿಮ್ಮ ಸಹಿ ಇಲ್ಲದೆ ಆ ಕಂಪನಿಗೆ ಮಾಸ್ಟರ್ ಹೋಗಲಾರದು. ಅವಳ ಅಪ್ಪನ ಸಹಿಗೂ ಬೆಲೆಯಿಲ್ಲ. ಅವಳಿಗೆ 18 ದಾಟಿದೆ, ಸಹಿ ಅವಳದ್ದೇ ಆಗಬೇಕು.

ಆದರೆ ನಿಮ್ಮ ಕಡೆಯೂ ಕೊರತೆ ಇದೆ. ಸಾಹಿತ್ಯ ಮೇಷ್ಟ್ರದ್ದು, ರಾಗ ಹುಡುಗಿಯದ್ದು. ಅವರು ಬರೆದುಕೊಡುವವರೆಗೆ ಅವು ಅವರವೇ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಬೇರೆ ಇದೆ, 50 ವರ್ಷ ಇರುತ್ತದೆ. ಆ ನಾಲ್ವರು ಹಿರಿಯರೂ ಪ್ರದರ್ಶಕರೇ. ಇವರೆಲ್ಲರ ಲಿಖಿತ ಒಪ್ಪಿಗೆ ಇಲ್ಲದೆ ನೀವು ಮಾಸ್ಟರ್ ಮಾರಲು ಹೋದರೆ ತಿಳಿದ ಯಾವ ಕಂಪನಿಯೂ ಹಣ ಕೊಡುವುದಿಲ್ಲ. ಆದ್ದರಿಂದ ನೀವು ಅವರನ್ನು ಬಿಟ್ಟು ಹೋಗಲಾರಿರಿ, ಅವರು ನಿಮ್ಮನ್ನು ಬಿಟ್ಟು ಹೋಗಲಾರರು. ಮನೆಯಲ್ಲಿ ಕೂತು ಮಾತಾಡುವಾಗ ಇದನ್ನೇ ಮೊದಲು ಹೇಳಿ.

2012ರ ತಿದ್ದುಪಡಿ ನಿಮ್ಮ ಹುಡುಗಿಗೂ ಮೇಷ್ಟ್ರಿಗೂ ಬಹಳ ಮುಖ್ಯ. ಸಾಹಿತ್ಯ, ಸಂಗೀತ ಮಾಡಿದವರು ಹಕ್ಕನ್ನು ಬರೆದುಕೊಟ್ಟರೂ, ಧ್ವನಿಮುದ್ರಣದ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕು ಅವರಲ್ಲೇ ಉಳಿಯುತ್ತದೆ. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ, ಬಿಟ್ಟುಕೊಟ್ಟೆ ಎಂದು ಬರೆದರೂ ಆ ಬರಹ ನಿಲ್ಲುವುದಿಲ್ಲ. ಇಬ್ಬರೂ ಐಪಿಆರ್‌ಎಸ್ ಎಂಬ ಕೃತಿಸ್ವಾಮ್ಯ ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಲಿ, ಸಾಹಿತ್ಯ ಸಂಗೀತದ ರಾಯಧನ ಸಂಗ್ರಹಿಸುವುದು ಅದೇ.

"ಶಾಶ್ವತ" ಎಂಬ ಪದವನ್ನು ಆ ಕಂಪನಿಯವರು ಏಕೆ ಬರೆಸುತ್ತಾರೆ ಎಂದರೆ, ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನೀವು ಮಾರಾಟದ ಬದಲು ಐದು ವರ್ಷದ ಪರವಾನಗಿ ಕೊಡುತ್ತೇವೆ ಎಂದು ಕೇಳಿ ನೋಡಿ.

ದುಡಿ ಹಾಡಿನ ಸಾಲುಗಳು ಪರಂಪರೆಯವು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ಪಟ್ಟೋಲೆ ಪಳಮೆ ಎಂಬ ಪುಸ್ತಕದಲ್ಲಿ ಅಂಥ ಹಾಡುಗಳನ್ನು ಅಚ್ಚು ಹಾಕಿಸಿದ್ದಾರೆ. ಬರೆದವರು ತೀರಿಕೊಂಡ ಮೇಲೆ ಕೃತಿಸ್ವಾಮ್ಯ ಉಳಿಯುವುದು 60 ವರ್ಷ, ಅವರು ತೀರಿಕೊಂಡು ಅದಕ್ಕಿಂತ ಎಷ್ಟೋ ಹೆಚ್ಚಾಯಿತು. ಆ ಸಾಲುಗಳು ನನ್ನವು ಎಂದು ಇವತ್ತು ಯಾವ ಕಂಪನಿಯೂ ಹೇಳಲಾರದು. ಆದರೆ ನಿಮ್ಮ ಗೋದಾಮಿನಲ್ಲಿ ಆ ನಾಲ್ವರು ಹಾಡಿದ ಆ ಧ್ವನಿಗೆ ಹಕ್ಕು ಇದೆ.

—

ದುಡಿಮನೆ:

ಅಕ್ಕ, ನನ್ನ ಅಪ್ಪನೂ ದುಡಿ ಹಾಡುಗಾರರು. ಹುತ್ತರಿ ಹಬ್ಬಕ್ಕೆ, ಮದುವೆಗೆ, ಸಾವಿನ ಮನೆಗೆ ಹಾಡಿದವರು. ನೀವು ಹೆಡ್‌ಫೋನ್ ತೆಗೆದು ಚಾಪೆ ಹಾಸಿದ್ದು ಓದಿ ತುಂಬ ಸಂತೋಷ ಆಯಿತು. ಅಪ್ಪನನ್ನು ಒಂದು ಕಡೆ ರೆಕಾರ್ಡಿಂಗಿಗೆ ಕರೆದುಕೊಂಡು ಹೋಗಿದ್ದರು. ತಾಳ ತಪ್ಪುತ್ತದೆ ಎಂದು ಹುಡುಗರೊಬ್ಬರು ಎಲ್ಲರ ಮುಂದೆ ಹೇಳಿದರಂತೆ. ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ರೆಕಾರ್ಡಿಂಗ್ ಆಮೇಲೆ ಬಂತು. ಎಲ್ಲೂ ಅಪ್ಪನ ಹೆಸರಿಲ್ಲ, "ಕೊಡಗಿನ ಜಾನಪದ ತಂಡ" ಎಂದು ಅಷ್ಟೇ. ಅದಕ್ಕಿಂತ ನೋವಾದದ್ದು ಇನ್ನೊಂದು. ನಾನು ಮನೆಯ ಅಂಗಳದಲ್ಲಿ ಅಪ್ಪ ಅದೇ ಹಾಡು ಹಾಡಿದ್ದನ್ನು ಮೊಬೈಲಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದೆ. ಮೂರನೇ ದಿನಕ್ಕೆ ಆ ರೆಕಾರ್ಡಿಂಗಿನವರ ಕಂಟೆಂಟ್ ಐಡಿ (ಒಂದೇ ಥರದ ಹಾಡನ್ನು ತಾನಾಗಿ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ) ಕ್ಲೇಮ್ ಬಂತು. ನಮ್ಮ ಅಂಗಳದಲ್ಲಿ ನಮ್ಮ ಅಪ್ಪ ಹಾಡಿದ್ದು ಇನ್ನೊಬ್ಬರದ್ದಂತೆ. ನಾನು ಡಿಸ್ಪ್ಯೂಟ್ ಹಾಕಿದೆ, ಇದು ಪರಂಪರೆಯ ಹಾಡು, ಈ ಧ್ವನಿ ನಾವೇ ಮುದ್ರಿಸಿದ್ದು ಎಂದು ಬರೆದೆ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಅವರು ಏನೂ ಹೇಳಲಿಲ್ಲ, ಅವಧಿ ಮುಗಿದು ಕ್ಲೇಮ್ ಬಿತ್ತು. ಯಾರಿಗಾದರೂ ಹೀಗಾದರೆ ಹೆದರಿ ವಿಡಿಯೋ ಅಳಿಸಬೇಡಿ.

ನಿಮ್ಮ ಹಾಡಿನ ದುಡಿ ಭಾಗವನ್ನು ಕಂಟೆಂಟ್ ಐಡಿಗೆ ಕೊಡಬೇಡಿ ಅಕ್ಕ. ನಾಳೆ ಯಾವುದೋ ಐನ್‌ಮನೆಯಲ್ಲಿ ಯಾರೋ ಹಾಡಿದ್ದಕ್ಕೆ ನಿಮ್ಮ ಹೆಸರಲ್ಲಿ ಕ್ಲೇಮ್ ಹೋಗಬಾರದು. ಕಂಪನಿಗೆ ಕೊಡುವುದಾದರೂ ಈ ಷರತ್ತು ಹಾಕಿ.

ದಿನಕ್ಕೆ 1,500 ಕಡಿಮೆ ಅಲ್ಲ. ಕಾಫಿ ಕೊಯ್ಲಿನ ಹೊತ್ತಲ್ಲಿ ಎರಡು ದಿನ ಬಿಟ್ಟು ಬರುವುದೂ ಸುಲಭ ಅಲ್ಲ. ಆದರೆ ಹಣ ಕೊಟ್ಟು ಮುಗಿಯಿತು ಎನ್ನಬೇಡಿ, ಹೆಸರು ಹಾಕಿ. ನಾಲ್ವರದ್ದೂ, ಪೂರ್ತಿ ಹೆಸರು.

—

ಮಿಕ್ಸ್_ಕುಶಾಲನಗರ:

ಹಾಡಿನ ಐಎಸ್‌ಆರ್‌ಸಿ ಸಂಖ್ಯೆ ನಿಮ್ಮ ಹತ್ತಿರ ಇದೆಯಾ ನೋಡಿ. 12 ಅಕ್ಷರದ್ದು, ಒಂದು ಧ್ವನಿಮುದ್ರಣಕ್ಕೆ ಒಂದೇ, ಕೊನೆಯವರೆಗೂ ಬದಲಾಗಬಾರದು. ಮುಂದೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರನ್ನು ಬದಲಾಯಿಸಿದರೆ ಅದೇ ಸಂಖ್ಯೆ, ಅದೇ ಫೈಲು ಕೊಡಿ, ಇಲ್ಲದಿದ್ದರೆ ಇದುವರೆಗಿನ ಕೇಳುಗರ ಲೆಕ್ಕ ಕೈತಪ್ಪುತ್ತದೆ. ಸ್ಪಾಟಿಫೈಯಲ್ಲಿ 2024ರಿಂದ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ಮಾಸ್ಟರ್ ಹಣ ಕೊಡುವುದಿಲ್ಲ. ಹಾಗಾಗಿ ಒಂದೇ ಹಾಡನ್ನು ಹತ್ತು ರೂಪದಲ್ಲಿ ಹಾಕಿ ಚದುರಿಸಬೇಡಿ.

ಮೇಷ್ಟ್ರು, ಹಿರಿಯರು ಎಲ್ಲರ ಪ್ಯಾನ್ ತೆಗೆದುಕೊಳ್ಳಿ. ಕಂಪನಿ ಹಣ ಕೊಡುವಾಗ ಪ್ಯಾನ್ ಇಲ್ಲದಿದ್ದರೆ ತೆರಿಗೆಗೆಂದು ಶೇ. 20 ಹಿಡಿದುಕೊಳ್ಳುತ್ತದೆ.

ಮಳೆಗಾಲದಲ್ಲಿ ಕಂಡೆನ್ಸರ್ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡಬೇಡಿ. ನಮ್ಮದು ಒಣ ಕಡೆ, ಇಲ್ಲೇ ಒಂದು ಮೈಕ್ ತೇವಕ್ಕೆ ಚಟಪಟ ಅನ್ನತೊಡಗಿತು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಹದಿನೈದು ದಿನಕ್ಕೊಮ್ಮೆ ಜೆಲ್ ಬಿಸಿ ಮಾಡಿ ಒಣಗಿಸಿ.

—

ಗೋದಾಮು_ಗೋಣಿಕೊಪ್ಪ:

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ.

ಭಾನುವಾರ ಚೇರಂಬಾಣೆಗೆ ಹೋಗಿದ್ದೆ. ಟೇಪಿನಕಾಲದ ಅಣ್ಣ ಹೇಳಿದಂತೆ ಲೆಕ್ಕದ ಪುಸ್ತಕ, ಬ್ಯಾಂಕಿನ ಹಾಳೆ ಎಲ್ಲ ತೆಗೆದುಕೊಂಡು ಹೋದೆ. 60,500ರಲ್ಲಿ ಇದುವರೆಗೆ ವಾಪಸು ಬಂದದ್ದು 18,400. ಅದನ್ನು ನೋಡಿ ಅವಳ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಅಷ್ಟು ಜನ ನೋಡಿದ್ದಾರೆ, ಲಕ್ಷಗಟ್ಟಲೆ ಬಂದಿರಬೇಕು ಎಂದುಕೊಂಡಿದ್ದರು. ಆಮೇಲೆ ಕೇಳಿದರು, "ಹಾಗಾದ್ರೆ ಆ 75,000 ನೀವು ಕೊಡ್ತೀರಾ?" ಇಲ್ಲ, ನನ್ನ ಹತ್ತಿರ ಅಷ್ಟಿಲ್ಲ ಎಂದೆ. ಮೂರು ವರ್ಷ ಏನು ಹಾಡಿದರೂ ಅವರಿಗೇ ಎಂಬ ಸಾಲನ್ನು ಓದಿ ತೋರಿಸಿದೆ. ಹುಡುಗಿ ಆವರೆಗೆ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. "ಶಾಲೆಯಲ್ಲಿ ಹಾಡಿದ್ರೂ ಅವರದ್ದಾ?" ಎಂದು ಕೇಳಿದಳು. ರೆಕಾರ್ಡ್ ಆದರೆ ಅವರದ್ದೇ ಆಗುವಂತೆ ಬರೆದಿದ್ದಾರೆ ಎಂದೆ. ಅವಳು ಸಹಿ ಹಾಕುವುದಿಲ್ಲ ಎಂದಳು.

ಕಂಪನಿಗೆ ಐದು ವರ್ಷದ ಪರವಾನಗಿ ಕೊಡುತ್ತೇವೆ ಎಂದು ಬರೆದೆವು. ಉತ್ತರ ಬಂದಿಲ್ಲ. ಅಪ್ಪನಿಗೆ ಅದರ ಬೇಸರ ಇದ್ದೇ ಇದೆ, ನನಗೆ ಅರ್ಥವಾಗುತ್ತದೆ. ಮುಂದಿನ ತಿಂಗಳ ಎರಡು ರೆಸಾರ್ಟ್ ಕಾರ್ಯಕ್ರಮದ ಹಣವನ್ನು ಮುಂಗಡ ಕೇಳಿ ತೆಗೆಸಿಕೊಟ್ಟೆ. ನನ್ನ ಪಾಲು ಈ ಸಲ ತೆಗೆಯಲಿಲ್ಲ. ಫೀಸಿನ ಅರ್ಧ ಅದರಲ್ಲಿ ಆಯಿತು.

ಕಾಗದ ಎರಡು ಮಾಡಿದೆವು, ಕನ್ನಡದಲ್ಲಿ. ಮಾಸ್ಟರಿನ ಹಣದಲ್ಲಿ ಖರ್ಚು ತೀರಿದ ಮೇಲೆ ನನಗೆ ಶೇ. 50, ಅವಳಿಗೆ ಶೇ. 34, ಹಿರಿಯರಿಗೆ ತಲಾ ಶೇ. 4. ಸಾಹಿತ್ಯ, ರಾಗ ನನ್ನ ಹೆಸರಿಗೆ ಬರೆಸಿಕೊಂಡಿಲ್ಲ, ಅವು ಮೇಷ್ಟ್ರು ಮತ್ತು ಅವಳ ಹತ್ತಿರವೇ ಇರುತ್ತವೆ. ಆರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ದುಡಿ ಭಾಗ ಕಂಟೆಂಟ್ ಐಡಿಗೆ ಹೋಗುವಂತಿಲ್ಲ ಎಂಬ ಸಾಲೂ ಇದೆ. ಕಾರ್ಯಕ್ರಮದ್ದು ಬೇರೆ ಕಾಗದ, ಖರ್ಚು ಕಳೆದು ಉಳಿದದ್ದರಲ್ಲಿ ಶೇ. 20, ಎರಡು ವರ್ಷ.

ಹಿರಿಯರ ಮನೆಗಳಿಗೆ ನಾನೇ ಒಂದೊಂದಾಗಿ ಹೋದೆ. ಮೂವರು ಓದದೆಯೇ ಸಹಿ ಹಾಕಲು ಹೊರಟರು, ನಾನು ಬಿಡಲಿಲ್ಲ, ಓದಿ ಹೇಳಿದೆ. ನಾಲ್ಕನೆಯವರು, ಆ ಉಸಿರು ಎಳೆದುಕೊಂಡವರು, ಕನ್ನಡಕ ಹಾಕಿಕೊಂಡು ತಾವೇ ಓದಿದರು. ಶೇಕಡಾ ಬಗ್ಗೆ ಒಂದು ಮಾತೂ ಕೇಳಲಿಲ್ಲ. ತಮ್ಮ ಹೆಸರಿನ ಮೇಲೆ ಬೆರಳಿಟ್ಟು, "ಮನೆ ಹೆಸರು ಮೊದಲು ಬರಬೇಕು, ನೀನು ಹಿಂದೆ ಹಾಕಿದ್ದೀಯ" ಎಂದರು. ವಿತರಕರ ಫಾರಮಿನಲ್ಲಿ ಇದ್ದ ಹಾಗೆ ತುಂಬಿದ್ದೆ, ಅದೇ ಕಾಗದಕ್ಕೂ ಬಂದಿತ್ತು. ಅಲ್ಲೇ ಪೆನ್ನಿನಲ್ಲಿ ತಿದ್ದಿ, ಇಬ್ಬರೂ ಪಕ್ಕದಲ್ಲಿ ಸಹಿ ಹಾಕಿದೆವು. ವಿತರಕರಿಗೆ ನಾಲ್ವರ ಹೆಸರನ್ನೂ ತಿದ್ದಿ ಕಳಿಸಿದ್ದೇನೆ. ಮೂರು ಕಡೆ ಬದಲಾಗಿದೆ, ಒಂದು ಕಡೆ ಇನ್ನೂ ಹಿಂದುಮುಂದಾಗಿಯೇ ಕಾಣುತ್ತಿದೆ. ಬೆಳಿಗ್ಗೆ ಮತ್ತೆ ಬರೆದಿದ್ದೇನೆ.